ಹೆಪ್ಪು ಹೊಟ್ಟೆಗಿಳಿದ ಮೇಲೆ

ಆಷಾಢದ ಮಳೆ ಹಿಡಿದರೆ ಶಿರಸಿ ಸೀಮೆಯ ಮನೆಗಳಲ್ಲಿ ಹಾಲು ಮೊಸರಾಗುವುದೇ ಒಂದು ಚಿಂತೆಯಾಗುತ್ತದೆ. ನಮ್ಮ ಮನೆಯಲ್ಲಿ ಆಯಿ ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಹಳೆಯ ಮೊಸರು ಹಾಕಿ, ಪಾತ್ರೆಯನ್ನು ಬಚ್ಚಲೊಲೆಯ ಕಟ್ಟೆಯ ಮೇಲೆ, ಬೆಂಕಿಯ ಝಳ ನೇರವಾಗಿ ತಾಗದಷ್ಟು ದೂರದಲ್ಲಿಟ್ಟು, ಮೇಲೊಂದು ಗೋಣಿಯ ತುಂಡು ಮುಚ್ಚುತ್ತಿದ್ದಳು. ಅಷ್ಟು ಮಾಡಿದರೂ ಕೆಲವು ದಿನ ಬೆಳಗ್ಗೆ ನೋಡಿದರೆ ಮೊಸರು ಲೋಳೆಯಾಗಿ, ಸೌಟಿನಲ್ಲಿ ಎತ್ತಿದಾಗ ನೂಲಿನಂತೆ ಇಳಿಯುತ್ತಿತ್ತು. ಹೆಪ್ಪು ಕೆಟ್ಟಿತೆಂದು ಆಯಿ ನನ್ನ ಕೈಗೊಂದು ಲೋಟ ಕೊಟ್ಟು ಪಕ್ಕದ ಮನೆಗೆ ಕಳಿಸುತ್ತಿದ್ದಳು. ಕಂಬಳಿಕೊಪ್ಪೆಯ ಮರೆಯಲ್ಲಿ ಮಳೆಹನಿ ಬೀಳದಂತೆ ನಾನು ಹಿಡಿದು ತರುತ್ತಿದ್ದ ಆ ಒಂದು ಚಮಚ ಮೊಸರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿದ್ದವು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅದೇ ಮನೆಯಲ್ಲಿ ಇನ್ನೊಂದು ಒಗಟೂ ಇತ್ತು. ನಮ್ಮ ದೊಡ್ಡಪ್ಪನವರಿಗೆ ಹಾಲು ಆಗುತ್ತಿರಲಿಲ್ಲ. ಒಂದು ದೊಡ್ಡ ಲೋಟ ಹಾಲು ಕುಡಿದರೆ ಒಂದೆರಡು ಗಂಟೆಯೊಳಗೆ ಹೊಟ್ಟೆ ಉಬ್ಬರಿಸಿ ಗುಡುಗುಡು ಎನ್ನತೊಡಗುತ್ತಿತ್ತು. ಆದರೆ ಅದೇ ಮಲೆನಾಡು ಗಿಡ್ಡ ದನದ ಹಾಲು ಮೊಸರಾಗಿ ಬಂದರೆ ಅವರು ಮಧ್ಯಾಹ್ನದ ಊಟದ ಕೊನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಪ್ರೊಬಯೋಟಿಕ್ ಎಂಬ ಶಬ್ದ ಔಷಧದ ಅಂಗಡಿಯಿಂದ ಹಿಡಿದು ಮೊಸರಿನ ಪೊಟ್ಟಣದ ತನಕ ಎಲ್ಲೆಲ್ಲೂ ಕಾಣುತ್ತಿರುವ ಈ ಕಾಲದಲ್ಲಿ, ಆ ಶಬ್ದವನ್ನು ಅರ್ಥ ಮಾಡಿಕೊಳ್ಳಲು ದೊಡ್ಡಪ್ಪನವರ ಹೊಟ್ಟೆಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಹಾಲಿನಲ್ಲಿ ಸುಮಾರು ಶೇ. 4.5ರಿಂದ 5ರಷ್ಟು ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ಅದನ್ನು ಎರಡು ಹೋಳಾಗಿ ಸೀಳುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣ ಕರುಳಿನಲ್ಲಿ ಇಲ್ಲದಿದ್ದರೆ ಆ ಸಕ್ಕರೆ ರಕ್ತಕ್ಕೆ ಸೇರದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ಮಾಡುತ್ತವೆ. ಮೊಲೆಹಾಲು ಬಿಟ್ಟ ನಂತರ ಈ ಕಿಣ್ವ ಕಡಿಮೆಯಾಗುವುದು ಸಸ್ತನಿಗಳಿಗೆಲ್ಲ ಸಹಜವಾದ ಸಂಗತಿ. ದೊಡ್ಡವರಾದ ಮೇಲೂ ಅದನ್ನು ಉಳಿಸಿಕೊಳ್ಳುವ ಜೀನಿನ ಬದಲಾವಣೆ ಉತ್ತರ ಭಾರತದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ಹಾಗಾಗಿ ದೊಡ್ಡಪ್ಪನವರದು ರೋಗವಲ್ಲ. ನಮ್ಮಲ್ಲಿ ಬಹಳ ಜನರ ಹೊಟ್ಟೆ ಹಾಗೆಯೇ ಇದೆ.

ಹಾಗಾದರೆ ಅಂತಹ ಹೊಟ್ಟೆ ಮೊಸರನ್ನು ಹೇಗೆ ಸಹಿಸುತ್ತದೆ? ಹೆಪ್ಪಿನ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಕೂತು ಹಾಲಿನ ಸಕ್ಕರೆಯನ್ನೆಲ್ಲ ತಿಂದು ಮುಗಿಸಿರುತ್ತವೆ ಎಂಬ ಉತ್ತರವನ್ನು ಓದಿದವರೂ ಕೊಡುತ್ತಾರೆ. ಅದು ತಪ್ಪು. ಹಾಲು ಮೊಸರಾಗುವಾಗ ಲ್ಯಾಕ್ಟೋಸಿನಲ್ಲಿ ಖರ್ಚಾಗುವುದು ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಮಾತ್ರ. ಅಷ್ಟರಲ್ಲಿ ಹುಳಿ ಏರಿ, ಹಾಲಿನ ಕೇಸಿನ್ ಪ್ರೋಟೀನು ಗಟ್ಟಿಯಾಗಿ, ಬ್ಯಾಕ್ಟೀರಿಯಾಗಳ ಕೆಲಸ ತಾನೇ ನಿಧಾನವಾಗುತ್ತದೆ. ಉಳಿದ ಸಕ್ಕರೆ ಮೊಸರಿನಲ್ಲಿ ಹಾಗೆಯೇ ಇರುತ್ತದೆ. 1984ರಲ್ಲಿ ಅಮೆರಿಕದ ಸಂಶೋಧಕರು ಲ್ಯಾಕ್ಟೇಸ್ ಇಲ್ಲದ 10 ಜನರಿಗೆ 18 ಗ್ರಾಂ ಲ್ಯಾಕ್ಟೋಸನ್ನು ಒಮ್ಮೆ ಹಾಲಿನಲ್ಲಿ, ಇನ್ನೊಮ್ಮೆ ಮೊಸರಿನಲ್ಲಿ ಕೊಟ್ಟು, ಉಸಿರಿನಲ್ಲಿ ಬರುವ ಜಲಜನಕವನ್ನು ಅಳೆದರು. ಜೀರ್ಣವಾಗದ ಲ್ಯಾಕ್ಟೋಸ್ ದೊಡ್ಡ ಕರುಳಿನಲ್ಲಿ ಹುದುಗಿದಾಗ ಹುಟ್ಟುವ ಜಲಜನಕ ರಕ್ತದ ಮೂಲಕ ಶ್ವಾಸಕೋಶಕ್ಕೆ ಬಂದು ಉಸಿರಿನಲ್ಲಿ ಹೊರಬೀಳುವುದರಿಂದ, ಹೊಟ್ಟೆಯೊಳಗಿನ ಲೆಕ್ಕವನ್ನು ಬಾಯಿಯ ಗಾಳಿಯಲ್ಲೇ ಓದಬಹುದು. ಸಕ್ಕರೆಯ ಪ್ರಮಾಣ ಒಂದೇ ಆಗಿದ್ದರೂ ಮೊಸರಿನಿಂದ ಬಂದ ಜಲಜನಕ ಹಾಲಿನಿಂದ ಬಂದದ್ದರ ಸುಮಾರು ಮೂರನೇ ಒಂದು ಭಾಗವಷ್ಟೇ ಇತ್ತು. ಮೊಸರು ತಿಂದ ಒಂದು ಗಂಟೆಯ ನಂತರ ಸಣ್ಣ ಕರುಳಿನ ಮೊದಲ ಭಾಗದಿಂದ ತೆಗೆದ ರಸದಲ್ಲಿ ಲ್ಯಾಕ್ಟೇಸ್ ಕೆಲಸ ಮಾಡುತ್ತಿತ್ತು. ಆ ಜನರ ಕರುಳಿಗೆ ಅದನ್ನು ತಯಾರಿಸುವ ಶಕ್ತಿಯೇ ಇರಲಿಲ್ಲವಾದ್ದರಿಂದ, ಅದು ಮೊಸರಿನ ಬ್ಯಾಕ್ಟೀರಿಯಾ ಹೊತ್ತು ತಂದದ್ದೇ ಆಗಿರಬೇಕು.

ಹೊತ್ತು ತರುವುದು ಹೇಗೆ ಎಂಬುದೇ ನನ್ನನ್ನು ಬಹಳ ಕಾಲ ಹಿಡಿದಿಟ್ಟ ಸಂಗತಿ. ಮೊಸರಿನ ಬ್ಯಾಕ್ಟೀರಿಯಾದ ಲ್ಯಾಕ್ಟೇಸನ್ನು ನಾವು ಬರಿದೇ ನುಂಗಿದರೆ ಜಠರದ ಆಮ್ಲ ಅದನ್ನು ಬಹುಮಟ್ಟಿಗೆ ಹಾಳುಮಾಡುತ್ತದೆ. ಎಳನೀರು ಮರದ ತುದಿಯಿಂದ ನೆಲಕ್ಕೆ ಚೆಲ್ಲದೆ ಇಳಿಯುವುದು ಕಾಯಿಯೊಳಗೆ ಇರುವುದರಿಂದ ತಾನೇ? ಕಿಣ್ವವೂ ಹಾಗೆಯೇ ಬ್ಯಾಕ್ಟೀರಿಯಾದ ಕೋಶದೊಳಗೆ ಭದ್ರವಾಗಿ ಕುಳಿತು ಜಠರವನ್ನು ದಾಟುತ್ತದೆ. ಖಾಲಿ ಹೊಟ್ಟೆಯ ಆಮ್ಲ ಬಹಳ ತೀಕ್ಷ್ಣ, ಹುಳಿಯ ಅಳತೆಯಾದ ಪಿಎಚ್ (ಅದು ಇಳಿದಷ್ಟೂ ಹುಳಿ ಹೆಚ್ಚು) ಎರಡಕ್ಕಿಂತಲೂ ಕೆಳಗಿರುತ್ತದೆ. ಅನ್ನ, ಸಾರು, ಪಲ್ಯಗಳು ಹೊಟ್ಟೆ ಸೇರಿದ ಮೇಲೆ ಅದು ನಾಲ್ಕಕ್ಕಿಂತ ಮೇಲೇರುವುದುಂಟು. ಆದ್ದರಿಂದ ಊಟದ ಕೊನೆಯಲ್ಲಿ ಬರುವ ಮೊಸರಿಗೆ ದಾರಿ ಸ್ವಲ್ಪ ಸಲೀಸು. ಸಣ್ಣ ಕರುಳಿಗೆ ಇಳಿದೊಡನೆ ಮೇದೋಜೀರಕ ಗ್ರಂಥಿಯ ರಸ ಹುಳಿಯನ್ನು ತಗ್ಗಿಸುತ್ತದೆ, ಪಿತ್ತರಸ ಬಂದು ಕೂಡಿಕೊಳ್ಳುತ್ತದೆ. ಎಣ್ಣೆಸ್ನಾನದ ದಿನ ಮೈಯ ಎಣ್ಣೆಯನ್ನು ಸೀಗೆಪುಡಿ ಹೇಗೆ ಕಿತ್ತು ತೆಗೆಯುತ್ತದೆಯೋ ಹಾಗೆ ಪಿತ್ತರಸ ಕೊಬ್ಬನ್ನು ಕರಗಿಸುತ್ತದೆ. ಬ್ಯಾಕ್ಟೀರಿಯಾದ ಹೊದಿಕೆಯ ಪೊರೆಯೂ ಕೊಬ್ಬಿನದೇ ಆದ್ದರಿಂದ ಅದು ತೂತುಬಿದ್ದು ಜಾಲರಿಯಂತಾಗುತ್ತದೆ. ಒಳಗಿನ ಕಿಣ್ವಕ್ಕೂ ಹೊರಗಿನ ಸಕ್ಕರೆಗೂ ನಡುವೆ ಇದ್ದ ಗೋಡೆ ಅಲ್ಲಿಗೆ ಬಿದ್ದಂತೆ. ಅಡಿಕೆ ಸುಗ್ಗಿಯಲ್ಲಿ ಸುಲಿಯುವವರು ಮನೆಮನೆಗೆ ತಮ್ಮ ಮೆಟ್ಟುಗತ್ತಿ ಕಟ್ಟಿಕೊಂಡು ಬರುವುದಿದೆಯಲ್ಲ, ಕಟ್ಟು ಬಿಚ್ಚಿ ಕತ್ತಿ ಹೂಡಿದ ಮೇಲೆಯೇ ಸಿಪ್ಪೆ ಸುಲಿಯಲು ಆರಂಭ. ಇಲ್ಲಿ ಕಟ್ಟು ಬಿಚ್ಚುವುದು ಪಿತ್ತರಸ, ಮತ್ತು ಕಟ್ಟು ಬಿಚ್ಚಿತೆಂದರೆ ಆ ಬ್ಯಾಕ್ಟೀರಿಯಾ ಸತ್ತಿತೆಂದೇ ಲೆಕ್ಕ. ಮೊಸರಾದ ಮೇಲೆ ಕಾಯಿಸಿ ಬ್ಯಾಕ್ಟೀರಿಯಾಗಳನ್ನು ಮೊದಲೇ ಕೊಂದರೆ ಈ ಉಪಕಾರ ಬಹುಮಟ್ಟಿಗೆ ಹೋಗುತ್ತದೆ. ಅವು ಬಾಯಿಗೆ ಬರುವಾಗ ಬದುಕಿರಬೇಕು, ಕರುಳಿನಲ್ಲಿ ಒಡೆಯಬೇಕು.

ಇದನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವಿದೆ. ಒಳ್ಳೆಯ ಬ್ಯಾಕ್ಟೀರಿಯಾವನ್ನು ನುಂಗಿದರೆ ಅದು ಕರುಳಿನಲ್ಲಿ ಮನೆ ಮಾಡಿ, ವಂಶ ಬೆಳೆಸಿ, ಕೆಟ್ಟವನ್ನು ಓಡಿಸುತ್ತದೆ ಎಂಬ ಚಿತ್ರ ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ, ಮತ್ತು ಆ ಚಿತ್ರಕ್ಕೆ ನೂರು ವರ್ಷಕ್ಕೂ ಮಿಕ್ಕಿದ ವಯಸ್ಸಾಗಿದೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಎಲಿ ಮೆಚ್ನಿಕಾಫ್, ರೋಗಾಣುಗಳನ್ನು ನುಂಗುವ ರಕ್ಷಕ ಕೋಶಗಳನ್ನು ಕಂಡುಹಿಡಿದು 1908ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ದೊಡ್ಡ ವಿಜ್ಞಾನಿ. ದೊಡ್ಡ ಕರುಳಿನ ಕೊಳೆಯುವಿಕೆಯೇ ಮುಪ್ಪಿಗೆ ಕಾರಣವೆಂದೂ, ಹುಳಿ ಹಾಲಿನ ಬ್ಯಾಕ್ಟೀರಿಯಾಗಳು ಅದನ್ನು ತಡೆಯುತ್ತವೆಂದೂ, ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರ ಮೊಸರೇ ಮೂಲವೆಂದೂ ಅವರು ನಂಬಿದರು. ಆ ಮೊಸರಿನ ಬ್ಯಾಕ್ಟೀರಿಯಾವನ್ನು 1905ರಲ್ಲಿ ಜಿನೀವಾದಲ್ಲಿ ಗುರುತಿಸಿದವರು ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯದ ಯುವ ವೈದ್ಯ. ಮೆಚ್ನಿಕಾಫ್ ತಾವೂ ವರ್ಷಗಟ್ಟಲೆ ಹುಳಿ ಹಾಲು ಕುಡಿದು 1916ರಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಂದೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಲಿಯೋ ರೆಟ್ಗರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ಆ ಬಲ್ಗೇರಿಕಸ್ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಸುವುದೇ ಇಲ್ಲವೆಂದು ತಿಳಿಯಿತು. ಆಗ ಸಂಶೋಧಕರು ಪಿತ್ತರಸವನ್ನು ತಾಳಿಕೊಳ್ಳುವ ಅಸಿಡೋಫಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕಡೆಗೆ ತಿರುಗಿದರು. ಆದರೆ ಹಾಲಿನ ಸಕ್ಕರೆಯ ಮಟ್ಟಿಗೆ ಆ ತಾಳಿಕೆಯೇ ತೊಡಕಾಯಿತು. ಪಿತ್ತರಸಕ್ಕೆ ಜಗ್ಗದ ಬ್ಯಾಕ್ಟೀರಿಯಾ ತನ್ನ ಕಿಣ್ವವನ್ನು ಹೊರಗೆ ಬಿಡುವುದಿಲ್ಲ. 1980ರ ದಶಕದಲ್ಲಿ ಅಸಿಡೋಫಿಲಸ್ ಬೆರೆಸಿದ ಹಾಲು ಲ್ಯಾಕ್ಟೇಸ್ ಇಲ್ಲದವರಿಗೆ ಅಷ್ಟೇನೂ ನೆರವಾಗಲಿಲ್ಲ. ಆ ಕೋಶಗಳನ್ನು ಶಬ್ದದ ಅಲೆಗಳಿಂದ ಮೊದಲೇ ಒಡೆದು ಕೊಟ್ಟಾಗ ನೆರವಾಯಿತು.

ಹೀಗೆ ಒಂದು ಕೆಲಸಕ್ಕೆ ಒಡೆಯುವ ಬ್ಯಾಕ್ಟೀರಿಯಾ ಬೇಕು, ಇನ್ನೊಂದಕ್ಕೆ ತಾಳುವ ಬ್ಯಾಕ್ಟೀರಿಯಾ ಬೇಕು. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ, ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಲಾಭ ಕೊಡುವ ಜೀವಂತ ಸೂಕ್ಷ್ಮಜೀವಿಗಳನ್ನು ಪ್ರೊಬಯೋಟಿಕ್ ಎಂದು ಕರೆಯಿತು. ಯಾವ ತಳಿ, ಎಷ್ಟು, ಯಾವ ತೊಂದರೆಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಆ ಶಬ್ದಕ್ಕೆ ಅರ್ಥವಿಲ್ಲ. ಅಪ್ಪೆಮಿಡಿಯೂ ಮಾವು, ಆಪೂಸೂ ಮಾವು, ಆದರೆ ಯಾರೂ ಆಪೂಸಿನಿಂದ ಮಿಡಿ ಉಪ್ಪಿನಕಾಯಿ ಹಾಕುವುದಿಲ್ಲ. ಒಂದೇ ಪ್ರಭೇದದ ಎರಡು ಬ್ಯಾಕ್ಟೀರಿಯಾ ತಳಿಗಳ ನಡುವೆಯೂ ಅಂತಹ ಅಂತರ ಇರಬಲ್ಲದು.

ಮನೆಯ ಮೊಸರನ್ನೂ ಈ ಪ್ರಶ್ನೆಗಳಿಂದ ಬಿಡುವಂತಿಲ್ಲ. ಡೇರಿಯ ಮೊಸರಿನಲ್ಲಿ ಹಾಕುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಬಲ್ಗೇರಿಕಸ್ ಜೋಡಿಗೆ 40 ಡಿಗ್ರಿ ಸೆಲ್ಸಿಯಸ್ ದಾಟಿದ ಬೆಚ್ಚಗೆ ಇಷ್ಟ. ಮಳೆಗಾಲದ ನಮ್ಮ ಅಡುಗೆಮನೆಯಂತಹ ತಂಪಿನಲ್ಲಿ ಚೆನ್ನಾಗಿ ಬೆಳೆಯಬಲ್ಲವು ಲ್ಯಾಕ್ಟೋಕಾಕಸ್ ಜಾತಿಯವು. ಅವುಗಳಲ್ಲಿ ಕೆಲವು ತಳಿಗಳು ತಂಪಿನಲ್ಲಿ ಸಕ್ಕರೆಯ ಉದ್ದುದ್ದ ಸರಪಳಿಗಳನ್ನು ಹೆಣೆದು ಮೊಸರನ್ನು ಲೋಳೆ ಮಾಡುತ್ತವೆ. ಫಿನ್ಲೆಂಡಿನ ಜನ ಅಂತಹ ಲೋಳೆ ಮೊಸರನ್ನು ಬೇಕೆಂದೇ ಮಾಡಿ ತಿನ್ನುತ್ತಾರೆ. ಹೈನಿನ ಬಹಳಷ್ಟು ಲ್ಯಾಕ್ಟೋಕಾಕಸ್ ತಳಿಗಳು ಲ್ಯಾಕ್ಟೋಸನ್ನು ಒಳಗೆ ಎಳೆದುಕೊಳ್ಳುವಾಗಲೇ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ, ಮತ್ತು ಅವುಗಳ ಕಿಣ್ವ ಆ ಗುರುತು ಇರುವ ಸಕ್ಕರೆಯನ್ನು ಮಾತ್ರ ಸೀಳುತ್ತದೆ. ಆ ಕೋಶ ಕರುಳಿನಲ್ಲಿ ಒಡೆದರೆ ಗುರುತಿಲ್ಲದ ಲ್ಯಾಕ್ಟೋಸಿನ ಮುಂದೆ ಅದರ ಕತ್ತಿ ಮೊಂಡು. ಹೀಗಾಗಿ ಬೆಚ್ಚಗೆ ಹೆಪ್ಪುಗಟ್ಟಿದ ಮೊಸರೂ ತಂಪಿನಲ್ಲಿ ಹೆಪ್ಪುಗಟ್ಟಿದ ಮೊಸರೂ ಹೊಟ್ಟೆಯಲ್ಲಿ ಒಂದೇ ಕೆಲಸ ಮಾಡುತ್ತವೆ ಎನ್ನಲು ಬರುವುದಿಲ್ಲ.

ಹುಳಿ ಬಂದದ್ದೆಲ್ಲ ಪ್ರೊಬಯೋಟಿಕ್ ಎನ್ನುವ ಮಾತು ಈಗ ಹಬ್ಬಿದೆ, ಅದೂ ಸರಿಯಲ್ಲ. ಇಡ್ಲಿಯ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾಗಳು ಬೇಕಾದಷ್ಟಿವೆ, ಆದರೆ ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಅವು ಬದುಕಿರುವುದಿಲ್ಲ. ಹುದುಗಿದ್ದರಿಂದ ಇಡ್ಲಿ ಹಗುರಾಗುತ್ತದೆ, ಅದು ಬೇರೆ ಲಾಭ. ಸಾಣಿಕಟ್ಟೆಯ ಉಪ್ಪಿನಲ್ಲಿ ಮುಳುಗಿದ ಅಪ್ಪೆಮಿಡಿ ವರ್ಷಗಟ್ಟಲೆ ಕೆಡದಿರುವುದಕ್ಕೆ ಕಾರಣವೇ ಅಷ್ಟು ಉಪ್ಪಿನಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು ಎಂಬುದು. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಕಾಯಿಯೊಂದಿಗೆ ಬೀಸಿ, ಕುದಿಸದೆ ಮಜ್ಜಿಗೆಯಲ್ಲಿ ಕಲಸುವ ತಂಬುಳಿಯಲ್ಲಿ ಮಾತ್ರ ಅವು ಜೀವಂತವಾಗಿ ಬಾಯಿಗೆ ಬರುತ್ತವೆ. ಮೀನಿನೊಂದಿಗೆ ಮೊಸರು ತಿಂದರೆ ತೊನ್ನು ಬರುತ್ತದೆ ಎಂಬ ಭಯ ಕಾರವಾರ, ಅಂಕೋಲಾ ಕಡೆಯೂ ಕೇಳಿಬರುತ್ತದೆ. ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಮಾಡುವುದರಿಂದ. ಅದಕ್ಕೂ ಊಟದ ಜೋಡಣೆಗೂ ಸಂಬಂಧವಿಲ್ಲ. ತೊನ್ನು ಇರುವ ಹುಡುಗಿಯನ್ನು, ಅವಳ ತಾಯಿಯ ಅಡುಗೆಯನ್ನು ಆಡಿಕೊಳ್ಳುವ ಮಾತುಗಳು ಇದರಿಂದಲೇ ಹುಟ್ಟುವುದನ್ನು ಕಂಡಿರುವುದರಿಂದ ನಾನು ಇದನ್ನು ಸಣ್ಣ ತಪ್ಪೆಂದು ಬಿಡಲಾರೆ.

ಗುಳಿಗೆಗಳ ವಿಷಯದಲ್ಲಿ ಪುರಾವೆ ಬಹಳ ಏರುಪೇರಾಗಿದೆ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾ ಪ್ರಭೇದದ ಒಂದು ಆಯ್ದ ತಳಿಯನ್ನು ಅದರ ಆಹಾರವಾದ ಒಂದು ಬಗೆಯ ಸಕ್ಕರೆಯೊಂದಿಗೆ ಏಳು ದಿನ ಕೊಟ್ಟಾಗ, ರಕ್ತದ ನಂಜು ಅಥವಾ ಸಾವಿಗೆ ತುತ್ತಾದ ಶಿಶುಗಳ ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಇಂತಹ ಫಲಿತಾಂಶ ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೆ 2018ರಲ್ಲಿ ವಾಂತಿಭೇದಿಯ ಮಕ್ಕಳ ಮೇಲೆ, ಅಮೆರಿಕದಲ್ಲಿ 971 ಮತ್ತು ಕೆನಡಾದಲ್ಲಿ 886 ಮಕ್ಕಳ ಮೇಲೆ, ಬೇರೆ ತಳಿಗಳನ್ನು ಪರೀಕ್ಷಿಸಿದಾಗ ಯಾವ ಲಾಭವೂ ಕಾಣಲಿಲ್ಲ. ಭೇದಿಯಾದ ಮಗುವಿಗೆ ಮೊದಲು ಬೇಕಾದದ್ದು ಓಆರ್‌ಎಸ್ ನೀರು ಮತ್ತು ಸತುವಿನ ಗುಳಿಗೆ. ನೆದರ್‌ಲೆಂಡ್ಸ್‌ನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದ ರೋಗಿಗಳಿಗೆ ಪ್ರೊಬಯೋಟಿಕ್ ಕೊಟ್ಟ ಪರೀಕ್ಷೆಯಲ್ಲಿ, ಅದನ್ನು ಪಡೆದವರಲ್ಲಿ ಶೇ. 16ರಷ್ಟು ಮಂದಿ ಸತ್ತರು, ಪಡೆಯದವರಲ್ಲಿ ಶೇ. 6ರಷ್ಟು. 2008ರಲ್ಲಿ ಪ್ರಕಟವಾದ ಆ ಅಂಕಿಗಳು ಪ್ರೊಬಯೋಟಿಕ್‌ನಿಂದ ಯಾರಿಗೂ ಹಾನಿಯಿಲ್ಲ ಎಂಬ ನಂಬಿಕೆಯನ್ನು ಮುರಿದವು. ಆಂಟಿಬಯೋಟಿಕ್ ಚೀಟಿಯೊಂದಿಗೆ ಪ್ರೊಬಯೋಟಿಕ್ ಗುಳಿಗೆಯೂ ಬರುವುದು ಈಗ ರೂಢಿಯಾಗಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ 2018ರ ಅಧ್ಯಯನದಲ್ಲಿ, ಆಂಟಿಬಯೋಟಿಕ್ ನಂತರ 11 ತಳಿಗಳ ಗುಳಿಗೆ ನುಂಗಿದವರ ಕರುಳಿಗೆ ಅವರ ಸ್ವಂತ ಬ್ಯಾಕ್ಟೀರಿಯಾಗಳು ಮರಳುವುದು, ಏನೂ ನುಂಗದವರಿಗಿಂತ ಬಹಳ ತಡವಾಯಿತು. ಅಧ್ಯಯನ ಸಣ್ಣದು, ಆದರೂ ರೂಢಿಯನ್ನು ಪ್ರಶ್ನಿಸಲು ಅದು ಸಾಕು.

ನಮ್ಮ ಕರುಳಿನಲ್ಲಿ ನಿಜವಾಗಿ ಮನೆ ಮಾಡಿಕೊಂಡಿರುವವುಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ. ಅವುಗಳಿಗೆ ಊಟ ಸಿಗುವುದು ಸಣ್ಣ ಕರುಳು ಜೀರ್ಣಿಸದೆ ಬಿಟ್ಟದ್ದರಿಂದ, ಅಂದರೆ ಸೊಪ್ಪಿನ, ಕಾಳಿನ, ಹಣ್ಣಿನ ನಾರಿನಿಂದ. ಕರಾವಳಿಯ ಕುಚ್ಚಲಕ್ಕಿ ಗಂಜಿ ಆರಿದಾಗ ಅದರ ಪಿಷ್ಟದ ಒಂದು ಪಾಲು ಮತ್ತೆ ಬಿಗಿಯಾಗಿ ಹೆಣೆದುಕೊಂಡು ನಮ್ಮ ಕಿಣ್ವಗಳಿಗೆ ಬಗ್ಗದಂತಾಗುತ್ತದೆ. ದೊಡ್ಡ ಕರುಳಿನ ನಿವಾಸಿಗಳು ಅಂತಹ ಪಿಷ್ಟದಿಂದ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ, ಮತ್ತು ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಮುಖ್ಯ ಇಂಧನ ಆ ಆಮ್ಲವೇ. ದೊಡ್ಡಪ್ಪನವರ ಹೊಟ್ಟೆಯಲ್ಲಿ ಹಾಲಿನ ಸಕ್ಕರೆ ಸಿಕ್ಕಾಗ ಗುಡುಗುತ್ತಿದ್ದವೂ ಈ ನಿವಾಸಿಗಳೇ.

ಕಳೆದ ಮಳೆಗಾಲದಲ್ಲಿ ಜಗಲಿಯ ಮೇಲೆ ಕುಳಿತು ಇದನ್ನೆಲ್ಲ ದೊಡ್ಡಪ್ಪನವರಿಗೆ ವಿವರಿಸಿದೆ. ಕವಳದ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದವರು ಕೊನೆಗೊಂದು ಪ್ರಶ್ನೆ ಹಾಕಿದರು: "ಹಂಗಾರೆ ಕುದ್ಸಿದ ಮಜ್ಜಿಗೆಹುಳಿ ಉಂಡ್ರೆ ಹೊಟ್ಟೆ ಎಂತಕ್ಕೆ ಉಬ್ಬರಸ್ತಿಲ್ಲೆ?" ಕುದಿಸಿದ ಮಜ್ಜಿಗೆಹುಳಿಯಲ್ಲಿ ಬ್ಯಾಕ್ಟೀರಿಯಾವೂ ಸತ್ತಿದೆ, ಕಿಣ್ವವೂ ಹಾಳಾಗಿದೆ, ನನ್ನ ವಿವರಣೆಯಂತೆ ತೊಂದರೆ ಆಗಬೇಕಿತ್ತು. ನಾನು ಲೆಕ್ಕ ಹಾಕಿದೆ. ಹಾಲಿನ ಸಕ್ಕರೆಯಲ್ಲಿ ಒಂದು ಪಾಲು ಹೆಪ್ಪಿಗೆ ಹೋಯಿತು. ಕಡೆಯುವಾಗ ಸುರಿದ ನೀರಿನಿಂದ ಉಳಿದದ್ದು ತೆಳುವಾಯಿತು. ಮೇಲೆ ಸೌತೆಕಾಯಿಯ ಹೋಳು, ಅರೆದ ಕಾಯಿ ಸೇರಿದವು. ಒಂದು ಸೌಟು ಹುಳಿಯಲ್ಲಿ ಅವರ ಪಾಲಿಗೆ ಬರುವ ಲ್ಯಾಕ್ಟೋಸ್ ಒಂದೆರಡು ಗ್ರಾಮಿನ ಆಸುಪಾಸು, ಅದೂ ಅನ್ನದೊಂದಿಗೆ. ಅಷ್ಟನ್ನು ಲ್ಯಾಕ್ಟೇಸ್ ಇಲ್ಲದ ಹೊಟ್ಟೆಗಳಲ್ಲಿ ಹೆಚ್ಚಿನವು ಸಹಿಸುತ್ತವೆ. ದೊಡ್ಡಪ್ಪ ತಲೆಯಾಡಿಸಿ ಕವಳ ಬಾಯಿಗೆ ಹಾಕಿಕೊಂಡರು. ಒಳಗೆ ಆಯಿ ಬಚ್ಚಲೊಲೆಗೆ ಎರಡು ಕಟ್ಟಿಗೆ ದೂಡಿ, ಮೊಸರಿನ ಪಾತ್ರೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಟ್ಟಳು.