ಕೋಲಾರದಲ್ಲಿ ಪಾಠಕ್ಕಿಂತ ಮೊದಲು ಬಂದದ್ದು ಗಂಜಿ

ಕೋಲಾರದ ನಮ್ಮ ಸಂಡೇ ಸ್ಕೂಲಿನಲ್ಲಿ, ಅಂದರೆ ಭಾನುವಾರ ಚರ್ಚಿನಲ್ಲಿ ನಡೆಯುವ ಮಕ್ಕಳ ಬೈಬಲ್ ತರಗತಿಯಲ್ಲಿ, ಬಹುಮಾನ ಸಿಗುತ್ತಿದ್ದದ್ದು ಕಂಠಪಾಠಕ್ಕೆ. ಒಬ್ಬರಿಗೊಬ್ಬರು ಉಪಕಾರಿಗಳಾಗಿರಿ ಅನ್ನುವ ಬೈಬಲಿನ ಎಫೆಸದವರ ಪತ್ರದ 4:32ನೇ ವಾಕ್ಯವನ್ನು ಒಂದೇ ಉಸಿರಿಗೆ ಒಪ್ಪಿಸಿ ಒಂದು ಸ್ಟೀಲ್ ಲೋಟ ಗೆದ್ದಿದ್ದೆ. ಅವತ್ತೇ ಹೊರಗೆ, ನನ್ನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ ಹುಡುಗನಿಗೆ ಎರಡು ಬಿಟ್ಟೆ. ಲೋಟ ಇನ್ನೂ ಕೈಯಲ್ಲೇ ಇತ್ತು.

ವಾಕ್ಯ ಒಂದು ಕಡೆ, ನಡತೆ ಒಂದು ಕಡೆ ಆದದ್ದು ಯಾವಾಗ? ನಮ್ಮ ಕಡೆ ಮಕ್ಕಳಿಗೆ ಬೈಬಲ್ ಕಲಿಸುವ ಈ ಕೆಲಸ ಶುರುವಾದಾಗ ಎರಡೂ ಒಂದೇ ಸೂರಿನಡಿ ಇದ್ದವು.

1876ರಿಂದ 78ರವರೆಗೆ ಮೈಸೂರು ಸೀಮೆಗೆ ದೊಡ್ಡ ಬರ ಬಂತು. ಧಾತು, ಈಶ್ವರ ಸಂವತ್ಸರಗಳ ಬರ. ಸುಮಾರು ಐದರಲ್ಲೊಂದು ಪಾಲು ಜನ ತೀರಿಹೋದರು ಅನ್ನುತ್ತಾರೆ. ಆಗ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅಪ್ಪ ಅಮ್ಮ ಇಲ್ಲದ ಮಕ್ಕಳನ್ನು ಸಾಕಿದರು. ಮೊದಲು ಹೊಟ್ಟೆಗೆ ಗಂಜಿ, ಆಮೇಲೆ ಅಕ್ಷರ, ಪ್ರಾರ್ಥನೆ. ಅನಾಥಾಲಯದಲ್ಲಿ ಪಾಠ ಹೇಳುವವರು ಮಕ್ಕಳ ಜೊತೆಗೇ ಇರುತ್ತಾರೆ. ಅವರು ಸಿಟ್ಟು ಮಾಡುವುದು, ಜ್ವರ ಬಂದ ಮಗುವಿನ ಪಕ್ಕ ಕೂರುವುದು, ಎಲ್ಲವನ್ನೂ ಮಕ್ಕಳು ನೋಡುತ್ತಾರೆ. ಆದರೆ ಒಂದು ಮಾತು ಹೇಳಲೇಬೇಕು. ಹಸಿದ ಮಗುವಿಗೆ ಗಂಜಿ ಸಾಕು, ಪ್ರಾರ್ಥನೆ ಬೇಡ ಅನ್ನುವ ಆಯ್ಕೆ ಇರಲಿಲ್ಲ. ಆ ಕಾಲವನ್ನು ಸುಮ್ನೆ ಹೊಗಳಿ ಮುಂದೆ ಹೋಗೋಕೆ ನನಗೆ ಮನಸ್ಸಾಗುವುದಿಲ್ಲ.

1890ರಲ್ಲಿ ಈ ಕೆಲಸ ಅಮೆರಿಕದ ಮೆಥಡಿಸ್ಟ್ ಪಂಗಡದ ಮಿಷನ್ನವರ ಕೈಗೆ ಹೋಯಿತು. ಮುಂದೆ ಎಲ್ಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ ಬಂತು, ಊರವರ ಬಾಯಲ್ಲಿ ಇಟಿಸಿಎಂ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನವರು, ತುಮಕೂರು, ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನವರು ಇದ್ದರು.

ಸಂಡೇ ಸ್ಕೂಲಿನ ಬೇರು ಬೇರೆ ಕಡೆಯದು. ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ 1780ರಲ್ಲಿ ರಾಬರ್ಟ್ ರೈಕ್ಸ್ ಬಡ ಮಕ್ಕಳಿಗೆ ಅದನ್ನು ಶುರು ಮಾಡಿದರು. ವಾರವೆಲ್ಲ ದುಡಿಯುವ ಮಕ್ಕಳು, ಬಿಡುವು ಅಂತ ಇದ್ದದ್ದು ಭಾನುವಾರ ಮಾತ್ರ. ಮುಖ್ಯ ಕೆಲಸ ಓದು ಕಲಿಸುವುದು, ಓದೋಕೆ ಪುಸ್ತಕ ಬೈಬಲ್. ಕನ್ನಡದಲ್ಲಿ ಇಡೀ ಬೈಬಲ್ 1831ರ ಹೊತ್ತಿಗೆ ಸಿದ್ಧವಾಗಿತ್ತು, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಕೆಲಸದಿಂದ.

ಆಮೇಲೆ ಒಂದೊಂದೇ ಕೈ ಬಿಟ್ಟು ಹೋಯಿತು. ಓದು ಕಲಿಸುವುದು ಶಾಲೆಯ ಪಾಲಾಯಿತು. ರೋಗಿಗಳು ಡಾಕ್ಟರ್, ನರ್ಸ್‌ಗಳ ಪಾಲಾದರು. ಊಟ ಹಾಸ್ಟೆಲ್ ವಾರ್ಡನ್ನಿನ ಪಾಲಾಯಿತು. ಭಾನುವಾರದ ಟೀಚರಿಗೆ ಉಳಿದದ್ದು ಒಂದು ಗಂಟೆ ಮತ್ತು ಕಂಠಪಾಠ. ನನಗೆ ಕಾಣುವ ಕಾರಣ ಇದು. ಟೀಚರುಗಳ ತಪ್ಪು ಅಂತ ಅನ್ನಿಸಲ್ಲ.

1947ರಲ್ಲಿ ಲಂಡನ್ ಮಿಷನ್, ವೆಸ್ಲಿಯನ್ ಚರ್ಚುಗಳು ಸಿಎಸ್‌ಐಗೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾಗೆ ಸೇರಿದವು, ಕೋಲಾರದ ಮೆಥಡಿಸ್ಟರು ಸೇರಲಿಲ್ಲ. ಮಕ್ಕಳಿಗೆ ಇದೆಲ್ಲ ಯಾಕೆ? ಬೇಸಿಗೆ ರಜೆಯ ವಿಬಿಎಸ್, ಅಂದರೆ ಮಕ್ಕಳ ಬೈಬಲ್ ಶಿಬಿರ, ಎಲ್ಲಿ ನಡೆದರೂ ಅಲ್ಲಿಗೆ ಓಡುತ್ತಿದ್ದೆವು.

2001ರಲ್ಲಿ ಕೆಜಿಎಫ್ ಗಣಿ ಮುಚ್ಚಿತು. ಅಲ್ಲಿನ ಹುಡುಗ ಹುಡುಗಿಯರು ಮುಂಜಾನೆಯೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಮನೆಗೆ ಬರುವಾಗ ರಾತ್ರಿ. ಮತ್ತೆ ಭಾನುವಾರ ಒಂದೇ ಬಿಡುವು, ರೈಕ್ಸ್ ಕಾಲದ ಮಕ್ಕಳ ಹಾಗೆಯೇ ಅಲ್ವಾ? ಈಗ ಮೆಂಟರಿಂಗ್ ಅಂತ ಹೆಸರು ಬಂದಿದೆ. ಚರ್ಚಿನ ಒಬ್ಬ ಅಣ್ಣನೋ ಅಕ್ಕನೋ ನಾಲ್ಕೈದು ಜನರ ಜೊತೆ ಓಡಾಡುತ್ತಾ ಅವರ ಮನೆ, ಕೆಲಸ, ಸಾಲ ಎಲ್ಲ ತಿಳಿದಿರಬೇಕು. ಬೈಬಲ್ ಓದುವುದು ಅದರ ನಡುವೆಯೇ.

ಆ ಹೆಸರು ಕೇಳುವ ಮೊದಲೇ ನಮಗೆ ಅಂಥ ಒಬ್ಬ ಅಕ್ಕ ಇದ್ದರು. ಲೋಟ ಗೆದ್ದ ಮುಂದಿನ ವಾರ ಪಾಠ ಬಿಟ್ಟು ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೇಳಿದ್ದು ಇಷ್ಟೇ: "ಊಟ ಆಯ್ತಾ ಅಂತ ಕೇಳಿ. ಕೇಳಿದ ಮೇಲೆ ಉತ್ತರ ಬರೋವರೆಗೂ ನಿಂತ್ಕೊಳ್ಳಿ." ಮಗನ ಮಂಚದ ಪಕ್ಕ ಕೂತಿದ್ದ ಒಬ್ಬ ಅಜ್ಜಿ "ಇಂಕಾ ತಿನಲೇದು ನಾಯನಾ" ಅಂದರು, ತೆಲುಗಿನಲ್ಲಿ, ಇನ್ನೂ ತಿಂದಿಲ್ಲ ಕಣಪ್ಪಾ ಅಂತ. ಅಕ್ಕ ದುಡ್ಡು ಕೊಟ್ಟು ಇಡ್ಲಿ ತರೋಕೆ ಕಳಿಸಿದರು, ನನ್ನನ್ನೂ ಆ ಚಪ್ಪಲಿ ಹುಡುಗನನ್ನೂ ಒಟ್ಟಿಗೆ. ಚಿಲ್ಲರೆ ಯಾರು ಹಿಡಿದುಕೊಳ್ಳಬೇಕು ಅಂತ ಹೋಗ್ತಾ ಬರ್ತಾ ಜಗಳ ಆಡಿದೆವು. ಪಾರ್ಸೆಲ್ಲಿನ ಚಟ್ನಿ ಅರ್ಧ ನನ್ನ ಅಂಗಿಗೆ ಹೋಯಿತು, ಇಡ್ಲಿ ಮಾತ್ರ ಬಿಸಿ ಇದ್ದಾಗಲೇ ಅಜ್ಜಿಯ ಕೈ ಸೇರಿತು.