ಗೆಸ್ಟ್ ಒಳಗಿನ ಹಸಿರು ದೀಪವನ್ನು ಎಷ್ಟು ನಂಬಬೇಕು?

ಕೆಲವು ವರ್ಷಗಳ ಹಿಂದೆ ಒಂದು ಡೇಟಾಬೇಸ್ ತಂಡದವರು ತಮ್ಮ ವರ್ಚುವಲ್ ಮಷೀನುಗಳ (ಒಂದು ಭೌತಿಕ ಯಂತ್ರದೊಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್‌ಗಳ) ಡ್ಯಾಶ್‌ಬೋರ್ಡನ್ನು ನನಗೆ ತೋರಿಸಿದಾಗ, ವಿದ್ಯುತ್ ಹೋದರೂ ಡೇಟಾ ಉಳಿಸಿಕೊಳ್ಳುವ ಪರ್ಸಿಸ್ಟೆಂಟ್ ಮೆಮೊರಿಯ ಸಾಲಿನಲ್ಲಿ ‘ಸವೆತ ಶೇ. 0’ ಎಂದು ಹಸಿರು ಬಣ್ಣದಲ್ಲಿ ಕಾಣುತ್ತಿತ್ತು. ಎರಡು ವರ್ಷ ಹಗಲಿರುಳು ದುಡಿದ ಮಾಡ್ಯೂಲ್ ಒಂದಿಷ್ಟೂ ಸವೆದಿಲ್ಲ ಎಂಬುದನ್ನು ನಂಬಲಾಗಲಿಲ್ಲ. ಗೆಸ್ಟ್ ಒಳಗೆ, ಅಂದರೆ ಆ ವರ್ಚುವಲ್ ಮಷೀನಿನೊಳಗೆ, ಲಾಗಿನ್ ಆಗಿ ಈ ಮೆಮೊರಿಯನ್ನು ನಿರ್ವಹಿಸುವ ಲಿನಕ್ಸ್ ಸಾಧನವಾದ ಎನ್‌ಡಿಸಿಟಿಎಲ್‌ನ ಕಮಾಂಡ್ ಕೊಟ್ಟು ನೋಡಿದರೆ, ಸಾಧನದ ಹೆಸರು ಬಂತೇ ಹೊರತು ಆರೋಗ್ಯದ ಭಾಗವೇ ಉತ್ತರದಲ್ಲಿ ಇರಲಿಲ್ಲ; ಇಲ್ಲದ ಮೌಲ್ಯವನ್ನು ಅವರ ಸ್ಕ್ರಿಪ್ಟ್ ಸೊನ್ನೆ ಎಂದು ಬರೆದುಕೊಂಡಿತ್ತು. ಅದೇ ಕಮಾಂಡನ್ನು ಹೋಸ್ಟ್‌ನಲ್ಲಿ, ಅಂದರೆ ಗೆಸ್ಟ್ ಓಡುತ್ತಿರುವ ಭೌತಿಕ ಯಂತ್ರದಲ್ಲಿ, ಕೊಟ್ಟಾಗ ತಾಪಮಾನ, ಕಳೆದ ಆಯುಷ್ಯ, ಕೆಟ್ಟ ಜಾಗಕ್ಕೆ ಬದಲಿಯಾಗಿ ಉಳಿದಿರುವ ಜಾಗ, ಸರಿಯಾಗಿ ಮುಚ್ಚದೆ ವಿದ್ಯುತ್ ಹೋದ ಸಲಗಳ ಎಣಿಕೆ ಎಲ್ಲವೂ ಸಾಲಾಗಿ ಬಂದವು.

ಇದು ಸಾಫ್ಟ್‌ವೇರಿನ ದೋಷವೇನೂ ಅಲ್ಲ. ನಿಜವಾದ ಎನ್‌ವಿಡಿಮ್ (ಪರ್ಸಿಸ್ಟೆಂಟ್ ಮೆಮೊರಿಯ ಮಾಡ್ಯೂಲ್) ತನ್ನ ಸ್ಥಿತಿಯನ್ನು ಡಿಎಸ್‌ಎಂ ಕರೆಗಳ ಮೂಲಕ ಹೇಳುತ್ತದೆ; ಇವು ಆಪರೇಟಿಂಗ್ ಸಿಸ್ಟಂ ಮತ್ತು ಫರ್ಮ್‌ವೇರ್ ಮಾತಾಡುವ ಎಸಿಪಿಐ ಮಾನದಂಡದ ಭಾಗ. ಆದರೆ ವರ್ಚುವಲ್ ಮಷೀನುಗಳನ್ನು ಓಡಿಸುವ ಕ್ಯೂಎಮು ಎಂಬ ಸಾಫ್ಟ್‌ವೇರ್ ಸೃಷ್ಟಿಸುವ ವರ್ಚುವಲ್ ಎನ್‌ವಿಡಿಮ್, ನೇಮ್‌ಸ್ಪೇಸ್ ಲೇಬಲ್ಲುಗಳನ್ನು (ಮೆಮೊರಿಯ ವಿಭಾಗಗಳ ಗುರುತುಗಳನ್ನು) ಓದುವ ಮತ್ತು ಬರೆಯುವ ಕರೆಗಳಿಗೆ ಉತ್ತರ ಕೊಡುತ್ತದೆಯೇ ಹೊರತು ಆರೋಗ್ಯದ ಪ್ರಶ್ನೆಗೆ ಕೊಡುವುದಿಲ್ಲ. ಅದರ ಬದಲು ವರ್ಟಿಯೋ-ಪಿಮೆಮ್ ಎಂಬ ವರ್ಚುವಲ್ ಸಾಧನ ಬಳಸಿದರಂತೂ ಗೆಸ್ಟ್‌ಗೆ ಡಿಮ್ (ಮೆಮೊರಿ ಮಾಡ್ಯೂಲ್) ಎಂಬುದೇ ಕಾಣದು. ಮೈಕ್ರೋಸಾಫ್ಟ್‌ನ ಹೈಪರ್-ವಿ ಸ್ವಲ್ಪ ಉದಾರಿ: ಅದು ಒಟ್ಟಾರೆ ಸ್ಥಿತಿಯನ್ನೂ ಅಸುರಕ್ಷಿತ ಶಟ್‌ಡೌನ್‌ಗಳ ಎಣಿಕೆಯನ್ನೂ ಗೆಸ್ಟ್‌ಗೆ ತಿಳಿಸುತ್ತದೆ.

ಎಲ್ಲ ಅಂಕಿಗಳನ್ನೂ ಗೆಸ್ಟ್‌ಗೆ ದಾಟಿಸಿಬಿಡಬಾರದೇ ಎಂದು ಹಲವರು ಕೇಳುತ್ತಾರೆ. ಇಂಟೆಲ್‌ನ ಪರ್ಸಿಸ್ಟೆಂಟ್ ಮೆಮೊರಿಯಾದ ಆಪ್ಟೇನ್‌ನ ಆರು ಮಾಡ್ಯೂಲ್‌ಗಳನ್ನು ಒಂದೇ ಇಂಟರ್‌ಲೀವ್ ಗುಂಪಾಗಿ ಕಟ್ಟಿದಾಗ ಡೇಟಾ 4 ಕೆಬಿ ತುಂಡುಗಳಾಗಿ ಆರಕ್ಕೂ ಹಂಚಿಹೋಗುತ್ತದೆ. ಅದರಲ್ಲಿ ಒಂದು ಪಾಲು ಪಡೆದ ಗೆಸ್ಟ್‌ಗೆ ಯಾವ ಮಾಡ್ಯೂಲಿನ ತಾಪಮಾನವನ್ನು ಹೇಳುವುದು? ನನ್ನ ಮಟ್ಟಿಗೆ, ಆರರಲ್ಲಿ ಅತ್ಯಂತ ಕೆಟ್ಟದ್ದರ ಸ್ಥಿತಿಯೇ ಆ ಗೆಸ್ಟ್‌ನ ಸ್ಥಿತಿ, ಏಕೆಂದರೆ ಒಂದು ಮಾಡ್ಯೂಲ್ ಹೋದರೆ ಇಡೀ ಗುಂಪಿನ ಡೇಟಾ ಹೋದಂತೆಯೇ.

ಕೆಟ್ಟ ಬ್ಲಾಕ್‌ಗಳ (ಸರಿಯಾಗಿ ಓದಲಾಗದ ಮೆಮೊರಿ ಜಾಗಗಳ) ವಿಷಯ ಇನ್ನೂ ನಾಜೂಕಿನದು. ಗೆಸ್ಟ್ ಕೆಟ್ಟ ವಿಳಾಸವೊಂದನ್ನು ಓದಿದಾಗ ಹೋಸ್ಟ್‌ನ ಕರ್ನಲ್ ಕ್ಯೂಎಮುಗೆ ಸಿಗ್‌ಬಸ್ ಎಂಬ ಮೆಮೊರಿ ದೋಷದ ಸಂಕೇತ ಕಳಿಸುತ್ತದೆ, ಕ್ಯೂಎಮು ಅದನ್ನು ಮಷೀನ್ ಚೆಕ್ (ಹಾರ್ಡ್‌ವೇರ್ ದೋಷದ ಸೂಚನೆ) ರೂಪದಲ್ಲಿ ಗೆಸ್ಟ್‌ಗೆ ಮುಟ್ಟಿಸುತ್ತದೆ, ಗೆಸ್ಟ್‌ನ ಲಿನಕ್ಸ್ ಆ ಜಾಗವನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಈ ಪಟ್ಟಿ ಇರುವುದು ಸಾಮಾನ್ಯ ಮೆಮೊರಿಯಲ್ಲಿ. ಭೌತಿಕ ಯಂತ್ರದಲ್ಲಿ ಬೂಟ್ ಆದಾಗ ವಿಳಾಸಗಳ ತಪಾಸಣೆ ನಡೆದು ಪಟ್ಟಿ ಮತ್ತೆ ತುಂಬುತ್ತದೆ. ಕ್ಯೂಎಮು ಗೆಸ್ಟ್‌ನಲ್ಲಿ ಆ ಸೌಲಭ್ಯವಿಲ್ಲದ ಕಾರಣ ರೀಬೂಟ್ ಮಾಡಿದೊಡನೆ ಪಟ್ಟಿ ಖಾಲಿಯಾಗುತ್ತದೆ, ಕೆಟ್ಟ ಜಾಗ ಮಾತ್ರ ಅಲ್ಲೇ ಇರುತ್ತದೆ. ‘ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು ಸರ್’ ಎಂಬ ಮಾತು ಕೇಳಿದಾಗ ನನಗೆ ಭಯವಾಗುವುದು ಇದಕ್ಕೇ.

ಆದ್ದರಿಂದ ಕಾವಲು ಇರಬೇಕಾದದ್ದು ಹೋಸ್ಟ್‌ನಲ್ಲಿ. ಎನ್‌ಡಿಸಿಟಿಎಲ್‌ನ ಮಾನಿಟರ್ ಸೇವೆಯನ್ನು ಅಲ್ಲಿ ಸದಾ ಓಡಿಸಿ, ಬದಲಿ ಜಾಗ, ತಾಪಮಾನ ಮತ್ತು ಅಸುರಕ್ಷಿತ ಶಟ್‌ಡೌನ್‌ಗಳ ಘಟನೆಗಳನ್ನು ಲಾಗ್‌ಗೆ ಹಾಕಿಸಿ, ಯಾವ ಮಾಡ್ಯೂಲಿನ ಮೇಲೆ ಯಾವ ಗೆಸ್ಟ್ ಕುಳಿತಿದೆ ಎಂಬ ನಕ್ಷೆಯನ್ನು ಅದಕ್ಕೆ ಜೋಡಿಸಬೇಕು. 2022ರ ಜುಲೈನಲ್ಲಿ ಇಂಟೆಲ್ ಆಪ್ಟೇನ್ ವ್ಯವಹಾರವನ್ನು ಮುಚ್ಚುವುದಾಗಿ ಪ್ರಕಟಿಸಿದ ಮೇಲೆ, ಉಳಿದ ಮಾಡ್ಯೂಲ್‌ಗಳ ಸವೆತವನ್ನು ಮೊದಲಿಗಿಂತ ಬೇಗನೆ ಗಮನಿಸುವುದು ಒಳ್ಳೆಯದು. ಆ ತಂಡದ ಸ್ಕ್ರಿಪ್ಟಿನಲ್ಲಿ ನಾವು ತಿದ್ದಿದ್ದು ಒಂದೇ ಸಾಲು: ಉತ್ತರ ಬಾರದಿದ್ದರೆ ಈಗ ಅಲ್ಲಿ ಬೂದು ಬಣ್ಣದಲ್ಲಿ ‘ಗೊತ್ತಿಲ್ಲ’ ಎಂದು ಬರುತ್ತದೆ, ಪಕ್ಕದಲ್ಲೇ ಹೋಸ್ಟ್‌ನ ಅಂಕಿ ಇರುತ್ತದೆ. ಗೆಸ್ಟ್ ಲೈವ್ ಮೈಗ್ರೇಷನ್ ಆಗಿ, ಅಂದರೆ ನಿಲ್ಲದೆ ಓಡುತ್ತಲೇ, ಬೇರೆ ಹೋಸ್ಟ್‌ಗೆ ಹೋದೊಡನೆ ನಕ್ಷೆಯೂ ಬದಲಾಗುವಂತೆ ಮಾಡುವುದಕ್ಕೆ ಮಾತ್ರ ಪೂರ್ತಿ ಒಂದು ವಾರ ಹಿಡಿಯಿತು.