ಹನ್ನೆರಡಾಣೆ ಬಡ್ಡಿ: ಕಾರು ಸಾಲದ ಬಾಕಿ ನನಗೆ ಅರ್ಥವಾದ ಬಗೆ

ಕಳೆದ ವಾರ ಬ್ಯಾಂಕಿನ ಆ್ಯಪ್ ತೆರೆದು ನೋಡಿ ಗಾಬರಿಯಾಯಿತು. 6 ಲಕ್ಷ ಸಾಲ, ಶೇ. 9 ಬಡ್ಡಿ, 60 ಕಂತು, ತಿಂಗಳಿಗೆ 12,455 ರೂಪಾಯಿ. ಒಂದು ವರ್ಷ ತಪ್ಪದೆ ಕಟ್ಟಿದ್ದೇನೆ, ಅಂದರೆ 1,49,460. ಹಾಗಾದರೆ ಬಾಕಿ ನಾಲ್ಕೂವರೆ ಲಕ್ಷದ ಹತ್ತಿರ ಇರಬೇಕಲ್ಲ? ಅಲ್ಲಿ ಇದ್ದದ್ದು 5,00,502. ಐವತ್ತು ಸಾವಿರ ಎಲ್ಲಿ ಹೋಯಿತು?

"ಬಡ್ಡಿಗೆ ಹೋಯಿತು" ಅನ್ನೋದು ಉತ್ತರ. ಅಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು, ಯಾವ ತಿಂಗಳು ಎಷ್ಟು ಬಡ್ಡಿಗೆ ಹೋಗಬೇಕು ಅಂತ ತೀರ್ಮಾನ ಮಾಡೋದು ಯಾರು, ಹೇಗೆ ಅಂತ. ಎರಡು ಸಂಜೆ ಕೂತು ಬಿಡಿಸಿಕೊಂಡಿದ್ದನ್ನು ಮರೆಯೋ ಮೊದಲು ಬರೆದಿಡುತ್ತಿದ್ದೇನೆ. ಇಎಂಐ (ತಿಂಗಳ ಕಂತು) ಕಂಡುಹಿಡಿಯೋ ಸೂತ್ರಕ್ಕೆ ನಾನು ಕೈ ಹಾಕಿಲ್ಲ. ಅದನ್ನು ಯಾವ ಕ್ಯಾಲ್ಕುಲೇಟರ್ ಆದರೂ ಕೊಡುತ್ತೆ.

ಚಿಕ್ಕಪ್ಪನ ಆಣೆ ಲೆಕ್ಕ

ನಮ್ಮ ಚಿಕ್ಕಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಬಹಳ ವರ್ಷ ಲೆಕ್ಕ ಬರೆದವರು. ಶೇ. 9 ಅಂದರೆ ಅವರಿಗೆ ತಲೆಗೇ ಹೋಗಲ್ಲ. ಅವರ ಬಡ್ಡಿ ಯಾವಾಗಲೂ ತಿಂಗಳಿನದು, ನೂರಕ್ಕೆ ಇಷ್ಟು ಅಂತ. "ನೂರಕ್ಕೆ ಎರಡು" ಅಂದರೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಬ್ಯಾಂಕಿನ ಭಾಷೆಯಲ್ಲಿ ವರ್ಷಕ್ಕೆ ಶೇ. 24. ನನ್ನ ಸಾಲದ ದರ ಹೇಳಿದ ಕೂಡಲೇ, "ಒಂಬತ್ತನ್ನ ಹನ್ನೆರಡು ತಿಂಗಳಿಗೆ ಹಂಚು. ಮುಕ್ಕಾಲು. ಅಂದ್ರೆ ನಿಂದು ಹನ್ನೆರಡಾಣೆ ಬಡ್ಡಿ" ಅಂದರು. (ಹಳೆ ಲೆಕ್ಕದಲ್ಲಿ ರೂಪಾಯಿಗೆ ಹದಿನಾರಾಣೆ.)

ಈ ಆಣೆ ಲೆಕ್ಕ ನನಗೆ ಎಷ್ಟು ಹಿಡಿಸಿತೆಂದರೆ ಈಗ ಎಲ್ಲ ಜಾಹೀರಾತಿನ ಮೇಲೂ ಪ್ರಯೋಗಿಸುತ್ತಿದ್ದೇನೆ. ವರ್ಷದ ದರ ಶೇ. 12 ಆದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ಹದಿನಾರಾಣೆ. ಶೇ. 10.5 ಆದರೆ ಹದಿನಾಲ್ಕಾಣೆ. ಶೇ. 9 ಹನ್ನೆರಡಾಣೆ, ಶೇ. 7.5 ಹತ್ತಾಣೆ. ವರ್ಷದ ದರ ಒಂದೂವರೆ ಕಡಿಮೆಯಾದರೆ ಎರಡಾಣೆ ಇಳಿಯುತ್ತೆ, ಅಷ್ಟೇ.

ಈಗ ಮೊದಲ ತಿಂಗಳು. 6 ಲಕ್ಷದಲ್ಲಿ ಆರು ಸಾವಿರ ನೂರುಗಳಿವೆ. ತಲಾ ಮುಕ್ಕಾಲು ರೂಪಾಯಿ, ಒಟ್ಟು 4,500. ಕಟ್ಟಿದ್ದು 12,455. ಮಂಡಿಯ ಪದ್ಧತಿಯೂ ಬ್ಯಾಂಕಿನ ಪದ್ಧತಿಯೂ ಇಲ್ಲಿ ಒಂದೇ: ಮೊದಲು ಬಡ್ಡಿ ಮುರಿದುಕೊಳ್ಳೋದು, ಮಿಕ್ಕಿದ್ದು ಅಸಲಿಗೆ. ಮಿಕ್ಕಿದ್ದು 7,955. ಬಾಕಿ 5,92,045.

ಎರಡನೇ ತಿಂಗಳು 5,92,045ರ ಮೇಲೆ ಹನ್ನೆರಡಾಣೆ, ಅಂದರೆ 4,440. ಅಸಲಿಗೆ 8,015. ಬಾಕಿ 5,84,030.

ಮೂರನೇ ತಿಂಗಳು ಬಡ್ಡಿ 4,380, ಅಸಲಿಗೆ 8,075. ಬಾಕಿ 5,75,955.

ನಾನು ಎಡವಿದ್ದು ಇಲ್ಲೇ

ಈ ಮೂರು ಸಾಲು ಬರೆದ ಮೇಲೂ ಒಂದು ಅನುಮಾನ ಹೋಗಿರಲಿಲ್ಲ. "ಬ್ಯಾಂಕಿನವರು ಮೊದಲ ವರ್ಷಗಳಲ್ಲೇ ಬಡ್ಡಿಯನ್ನೆಲ್ಲ ವಸೂಲಿ ಮಾಡಿಬಿಡ್ತಾರೆ" ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. 60 ಕಂತಿನ ಪಟ್ಟಿ ನೋಡಿದರೆ ಹಾಗೇ ಕಾಣುತ್ತೆ: ಮೊದಲ ಕಂತಿನಲ್ಲಿ ಬಡ್ಡಿ 4,500, ಅರವತ್ತನೇ ಕಂತಿನಲ್ಲಿ ಬರೀ 93. ಮುಂದಿನ ಬಡ್ಡಿಯನ್ನು ಈಗಲೇ ಎಳೆದುಕೊಂಡ ಹಾಗಲ್ಲವೇ?

ಚಿಕ್ಕಪ್ಪ ಕೇಳಿದ ಒಂದೇ ಪ್ರಶ್ನೆಗೆ ಅದು ಬಿದ್ದುಹೋಯಿತು. "ಅಲ್ಲ ಮಗಾ, ಇವತ್ತೇ ಸಾಲ ಚುಕ್ತಾ ಮಾಡ್ತೀನಿ ಅಂದ್ರೆ ಎಷ್ಟು ಕಟ್ಟಬೇಕು?" 5,00,502, ಜೊತೆಗೆ ಕೊನೆಯ ಕಂತಿನಿಂದ ಇವತ್ತಿನವರೆಗಿನ ದಿನಗಳ ಬಡ್ಡಿ (ಶುಲ್ಕದ ಮಾತು ಆಮೇಲೆ). ಉಳಿದ 48 ಕಂತಿನಲ್ಲಿ ಇನ್ನೂ 97,338 ರೂಪಾಯಿ ಬಡ್ಡಿ ಅಡಗಿದೆ, ಅದನ್ನು ಯಾರೂ ಕೇಳಲ್ಲ. ಮುಂಗಡವಾಗಿ ಎಳೆದುಕೊಂಡಿದ್ದರೆ ಅದು ಬಾಕಿ ಇರುತ್ತಲೇ ಇರಲಿಲ್ಲವಲ್ಲ! ನಾನು ಮೊದಲ ವರ್ಷ ಕೊಟ್ಟ 49,962, ಆ ವರ್ಷ ನನ್ನ ಹತ್ತಿರ ಇದ್ದ ಅವರ ದುಡ್ಡಿಗೆ ಮಾತ್ರ. ಆಗ ದುಡ್ಡು ಜಾಸ್ತಿ ಇತ್ತು, ಬಡ್ಡಿಯೂ ಜಾಸ್ತಿ. ಬೇರೆ ಮರ್ಮವೇನೂ ಇಲ್ಲ.

ಹಾಗಾದರೆ ಅಸಲಿನ ಪಾಲು 7,955, 8,015, 8,075 ಅಂತ ಏರೋದು ಯಾಕೆ? ಇದನ್ನು ನಿಧಾನಕ್ಕೆ ಬರೆಯುತ್ತೇನೆ, ನನಗೆ ಮೂರು ಸಲ ತಪ್ಪಿದ್ದು ಇದೇ.

ಮೊದಲ ತಿಂಗಳು 7,955 ರೂಪಾಯಿ ಅಸಲು ತೀರಿತು. ತೀರಿದ ದುಡ್ಡಿಗೆ ಬಡ್ಡಿ ಇಲ್ಲ. ಅದಕ್ಕೆ ಮುಂದಿನ ತಿಂಗಳು ಬೀಳಬೇಕಿದ್ದ ಬಡ್ಡಿ, 7,955ಕ್ಕೆ ಹನ್ನೆರಡಾಣೆಯಂತೆ, ಸುಮಾರು 60 ರೂಪಾಯಿ. ಅದು ಉಳಿಯಿತು. ಆದರೆ ಕಂತು ಕಡಿಮೆಯಾಗಲಿಲ್ಲ, ಅದೇ 12,455. ಉಳಿದ 60 ಎಲ್ಲಿಗೆ ಹೋಗಬೇಕು? ಅಸಲಿಗೆ. ಅದಕ್ಕೇ 7,955 ಇದ್ದದ್ದು 8,015 ಆಯಿತು. ಈಗ ಮತ್ತೆ 8,015 ತೀರಿತು, ಅದರ ಮೇಲಿನ ಹನ್ನೆರಡಾಣೆ ಮತ್ತೆ ಉಳಿಯಿತು, ಮತ್ತೆ ಅಸಲಿಗೆ ಸೇರಿತು.

ಅಂದರೆ ಅಸಲಿನ ಪಾಲು ಪ್ರತಿ ತಿಂಗಳೂ ಸರಿಯಾಗಿ ನೂರಕ್ಕೆ ಮುಕ್ಕಾಲಿನ ಲೆಕ್ಕದಲ್ಲೇ ಬೆಳೆಯುತ್ತೆ. ಸಾಲದ ಬಡ್ಡಿ ದರವೇ ಅದರ ಬೆಳವಣಿಗೆಯ ದರ. ಶಾಲೆಯಲ್ಲಿ ಓದಿದ ಚಕ್ರಬಡ್ಡಿಯೇ ಇದು, ನಮ್ಮ ಕಡೆಗೆ ತಿರುಗಿಕೊಂಡಿದೆ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 7,955 ಒತ್ತಿ, 1.0075ರಿಂದ ಗುಣಿಸುತ್ತಾ ಹೋಗಿ. ಹದಿಮೂರನೇ ಕಂತಿಗೆ 8,701, ಅರವತ್ತನೆಯದಕ್ಕೆ 12,362 ಬರುತ್ತೆ. ಮೊದಲ ಹನ್ನೆರಡನ್ನು ಕೂಡಿದರೆ 99,498. ಆರು ಲಕ್ಷದಲ್ಲಿ ಅದನ್ನು ಕಳೆದರೆ 5,00,502. ಆ್ಯಪಿನಲ್ಲಿ ಇದ್ದದ್ದು ಇದೇ ಸಂಖ್ಯೆ. ಅವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಇದರಿಂದಲೇ ಇನ್ನೊಂದು ಗೊತ್ತಾಯಿತು: ಅವಧಿ ಅರ್ಧ ಮುಗಿದರೆ ಸಾಲ ಅರ್ಧ ಮುಗಿಯಲ್ಲ. 30 ಕಂತು ಕಟ್ಟಿದ ಮೇಲೂ ನನ್ನ ಬಾಕಿ 3,33,484 ಇರುತ್ತೆ. ಇದೇ ಸಾಲವನ್ನು ಏಳು ವರ್ಷಕ್ಕೆ ಎಳೆದಿದ್ದರೆ ಕಂತು 9,653ಕ್ಕೆ ಇಳಿಯುತ್ತಿತ್ತು, ಆದರೆ ಮೊದಲ ತಿಂಗಳು ಅಸಲಿಗೆ ಹೋಗುತ್ತಿದ್ದದ್ದು ಬರೀ 5,153. ಒಟ್ಟು ಬಡ್ಡಿ 1.47 ಲಕ್ಷದ ಬದಲು 2.11 ಲಕ್ಷ ಹತ್ತಿರ. ಶೋರೂಮಿನಲ್ಲಿ "ಕಂತು ಕಡಿಮೆ ಮಾಡಿಕೊಡ್ತೀವಿ ಸಾರ್" ಅನ್ನೋದು ಇದನ್ನೇ.

ಫ್ಲಾಟ್ ಅಂದರೆ ಹುಷಾರು

ಹಳೆ ಕಾರಿನ ಸಾಲದಲ್ಲಿ ಈ ಪದ ಹೆಚ್ಚು ಕಿವಿಗೆ ಬೀಳುತ್ತೆ. "ಶೇ. 5 ಫ್ಲಾಟ್" ಅಂದರೆ 6 ಲಕ್ಷದ ಮೇಲೆ ವರ್ಷಕ್ಕೆ 30,000ದಂತೆ ಐದು ವರ್ಷಕ್ಕೆ 1.5 ಲಕ್ಷ ಬಡ್ಡಿಯನ್ನು ಮೊದಲೇ ಕೂಡಿಸಿ 60ರಿಂದ ಭಾಗಿಸೋದು. ಕಂತು 12,500. ಗಮನಿಸಿ, ನನ್ನ ಶೇ. 9ರ ಕಂತಿಗಿಂತ ಇದು 45 ರೂಪಾಯಿ ಜಾಸ್ತಿಯೇ! ಬಾಕಿ ಇಳಿದಂತೆ ಬಡ್ಡಿ ಇಳಿಯೋ ಲೆಕ್ಕಕ್ಕೆ ತಂದರೆ ಇದು ಸುಮಾರು ಶೇ. 9.15. ಶೇ. 7 ಫ್ಲಾಟ್ ಆದರೆ ಸುಮಾರು ಶೇ. 12.5. ಕೊನೆಯ ತಿಂಗಳು ಹನ್ನೆರಡು ಸಾವಿರ ಮಾತ್ರ ಬಾಕಿ ಇದ್ದಾಗಲೂ ಇಡೀ ಆರು ಲಕ್ಷದ ಬಡ್ಡಿ 2,500 ಕಟ್ಟುತ್ತಿರುತ್ತೀರಿ. ನನ್ನ ಪಟ್ಟಿಯಲ್ಲಿ ಆ ಜಾಗದಲ್ಲಿ 93 ಇದೆ.

ಬಾಯಿಮಾತು ನಂಬದೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರಗಳ ಪತ್ರ) ಕೇಳಿ. 2024ರ ಅಕ್ಟೋಬರ್ 1ರಿಂದ ಮಂಜೂರಾದ ಹೊಸ ಚಿಲ್ಲರೆ ಸಾಲಗಳಿಗೆಲ್ಲ (ರಿಟೇಲ್, ಅಂದರೆ ನಮ್ಮಂಥವರು ತೆಗೆದುಕೊಳ್ಳೋ ಸಾಲ) ಅದನ್ನು ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿ ಇರುತ್ತೆ, ಕಂತಿನ ಪಟ್ಟಿಯೂ ಇರುತ್ತೆ. ನನ್ನದು ಒಂದು ವರ್ಷ ಡ್ರಾಯರಿನಲ್ಲೇ ಬಿದ್ದಿತ್ತು.

ನಡುವೆ ದುಡ್ಡು ಕಟ್ಟಿದರೆ

ಹದಿಮೂರನೇ ತಿಂಗಳ ಶುರುವಿನಲ್ಲಿ 1 ಲಕ್ಷ ಒಟ್ಟಿಗೆ ಕಟ್ಟಿದೆ ಅಂದುಕೊಳ್ಳಿ. ಬಾಕಿ 4,00,502. ಕಂತು ಹಾಗೇ ಇಟ್ಟು ಅವಧಿ ಇಳಿಸಿದರೆ 48ರ ಬದಲು 37 ಕಂತಿಗೆ ಸಾಲ ಮುಗಿಯುತ್ತೆ, ಬಡ್ಡಿಯಲ್ಲಿ ಸುಮಾರು 37,800 ಉಳಿತಾಯ. ಅವಧಿ ಹಾಗೇ ಇಟ್ಟು ಕಂತು ಇಳಿಸಿದರೆ ಕಂತು ಸುಮಾರು 9,970 ಆಗುತ್ತೆ, ಉಳಿತಾಯ 19,450ರ ಆಸುಪಾಸು. ಯಾವುದು ಬೇಕು ಅಂತ ಅರ್ಜಿಯಲ್ಲಿ ನಾವೇ ಬರೆದುಕೊಡೋದು ಒಳ್ಳೆಯದು. ಅದೇ ಲಕ್ಷವನ್ನು ಕೊನೆಯ ವರ್ಷ, 48 ಕಂತು ಮುಗಿದ ಮೇಲೆ ಕಟ್ಟಿದರೆ ಉಳಿಯೋದು ಸುಮಾರು 6,300 ಮಾತ್ರ. ಅಷ್ಟೊತ್ತಿಗೆ ಬಡ್ಡಿ ಬೀಳೋಕೆ ಅಸಲೇ ಹೆಚ್ಚಿರಲ್ಲ.

ಶುಲ್ಕ ಕಳೆಯೋದು ಮರೆಯಬೇಡಿ. ವೈಯಕ್ತಿಕ ಬಳಕೆಗೆ ತೆಗೆದುಕೊಂಡ ಫ್ಲೋಟಿಂಗ್ (ನಡುವೆ ಏರಿಳಿಯೋ) ದರದ ಸಾಲಕ್ಕೆ ಮುಂಪಾವತಿ ಶುಲ್ಕ, ಅಂದರೆ ಅವಧಿಗೆ ಮೊದಲೇ ಕಟ್ಟಿದ್ದಕ್ಕೆ ಶುಲ್ಕ, ಹಾಕುವಂತಿಲ್ಲ, ಆದರೆ ಕಾರು ಸಾಲಗಳಲ್ಲಿ ಫಿಕ್ಸೆಡ್ (ಕೊನೆವರೆಗೂ ಬದಲಾಗದ) ದರದವೇ ಬಹಳ, ಅಲ್ಲಿ ಕರಾರಿನಲ್ಲಿ ಬರೆದಷ್ಟು ಕೊಡಬೇಕು. ಕರಾರಿನಲ್ಲಿ ಶೇ. 3 ಅಂತಿದ್ದರೆ ಲಕ್ಷಕ್ಕೆ 3,000, ಜಿಎಸ್‌ಟಿ ಸೇರಿ 3,540. ಮೊದಲ ವರ್ಷದ ಕೊನೆಗೆ ಕಟ್ಟಿದರೆ ಶುಲ್ಕ ಕಳೆದ ಮೇಲೂ ಲಾಭ ಉಂಟು, ಕೊನೆಯ ವರ್ಷ ಅರ್ಧಕ್ಕರ್ಧ ಲಾಭ ಶುಲ್ಕಕ್ಕೇ ಹೋಗುತ್ತೆ.

ಪಕ್ಕದ ಟೇಬಲಿನ ಗೆಳತಿಯ ಪಟ್ಟಿಗೆ ನನ್ನ ಆಣೆ ಲೆಕ್ಕ ಹೊಂದಲಿಲ್ಲ. ಅವರ ಬ್ಯಾಂಕು ಬಡ್ಡಿಯನ್ನು ದಿನದ ಬಾಕಿಯ ಮೇಲೆ ಹಾಕುತ್ತೆ. ಆಗ 6 ಲಕ್ಷಕ್ಕೆ ದಿನಕ್ಕೆ ಸುಮಾರು 148 ರೂಪಾಯಿ, 31 ದಿನದ ತಿಂಗಳಿಗೆ 4,586, ಫೆಬ್ರವರಿಯಾದರೆ 4,142. ಅಂಥ ಸಾಲದಲ್ಲಿ ಕಂತು ನಾಲ್ಕು ದಿನ ತಡವಾದರೆ ಆ ನಾಲ್ಕು ದಿನದ ಬಡ್ಡಿಯೂ ಬೀಳುತ್ತೆ, ದಂಡ ಬೇರೆ. (ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕೋದನ್ನು ರಿಸರ್ವ್ ಬ್ಯಾಂಕ್ ನಿಲ್ಲಿಸಿದೆ.)

ಅಭ್ಯಾಸಕ್ಕೆ ಒಂದು: 4 ಲಕ್ಷ ಸಾಲ, ಶೇ. 10.5, ಕಂತು 10,000 ಅಂತಿಟ್ಟುಕೊಳ್ಳಿ. ಎರಡು ಕಂತಿನ ನಂತರ ಬಾಕಿ ಎಷ್ಟು? ಹದಿನಾಲ್ಕಾಣೆಯಂತೆ ಮೊದಲ ಬಡ್ಡಿ 3,500, ಅಸಲಿಗೆ 6,500. ಮುಂದಿನ ಅಸಲು ಹುಡುಕೋಕೆ ಬಾಕಿಯ ತಂಟೆಗೇ ಹೋಗಬೇಡಿ, 6,500ಕ್ಕೇ ಹದಿನಾಲ್ಕಾಣೆ ಬಡ್ಡಿ ಸೇರಿಸಿ: 6,557. ಬಾಕಿ 3,86,943.